ಸ್ಕಾಟ್ಲೆಂಡಿಗೆ ಹೊರಟರು ಆಳಂದದ ಐವರು ಹೀರೋಗಳು!

ಸಿನಿರಸಿಕ ಮಿತ್ರರೇ, 'ಕುಛ್ ಕುಛ್ ಹೋತಾ ಹೈ' (1998) ನೋಡಿದ್ದೀರಿ ತಾನೇ? ಶೀರ್ಷಿಕೆ ಗೀತೆ ನೆನಪಿಗೆ ತಂದುಕೊಳ್ಳಿ. ಶಾರುಖ್ ಖಾನ್ ಮತ್ತು ಬೆಡಗಿ ಕಾಜೋಲ್... ಹಿಂದೆ ನೀರಿನ ನಡುವೆ ಒಂದು ಕಲ್ಲಿನ ಕೋಟೆ, ಕೋಟೆಗೆ ಹೋಗಲು ಉದ್ದನೆಯ ಸೇತುವೆ, ಆಚೆಗೆ ಮೋಡ ಹೊದ್ದ ಹಸಿರು ಗುಡ್ಡ! ಆ ಕೋಟೆಯ ಹೆಸರು ಐಲಿಯನ್ ಡೋನನ್. ಇರುವುದು ಸ್ಕಾಟ್ಲೆಂಡಿನಲ್ಲಿ. ಎರಡು ವರ್ಷದ ನಂತರ ತಮಿಳಿನ 'ಕಂಡುಕೊಂಡೇನ್ ಕಂಡುಕೊಂಡೇನ್' ಯೂನಿಟ್ ಕೂಡ ಅದೇ ಕೋಟೆಯ ಮುಂದೆ ಕ್ಯಾಮೆರಾ ಇಟ್ಟಿತು. 2012ರಲ್ಲಿ ಜೇಮ್ಸ್ ಬಾಂಡ್ ಸಾಹೇಬರೂ 'ಸ್ಕೈಫಾಲ್'ಗಾಗಿ ಅದೇ ನಾಡಿನ ಗ್ಲೆನ್‌ಕೋ ಕಣಿವೆಯಲ್ಲಿ ಕಾರು ಓಡಿಸಿ ಬಂದರು.

ಕಳೆದ ವರ್ಷ ಮೇ ತಿಂಗಳು. ಆಳಂದ ಬಸ್ ನಿಲ್ದಾಣದ ಹತ್ತಿರದ ಚಾ ಅಂಗಡಿ. ಬಿಸಿಲು ನಲವತ್ತೆರಡು ಡಿಗ್ರಿ. ಚಾ ಬಿಸಿಯೋ, ಗ್ಲಾಸು ಬಿಸಿಯೋ, ಹಿಡಿದ ಕೈ ಬಿಸಿಯೋ ಗೊತ್ತಾಗದ ಹೊತ್ತು. ಒಂದು ಪುಟ್ಟ ಮೊಬೈಲಿನ ಸುತ್ತ ಐದು ತಲೆಗಳು ಬಾಗಿ ಇದೇ ಹಾಡನ್ನು ನೋಡುತ್ತಿದ್ದವು. ಒಂದು ತಲೆ ಈ ಬಡ ಬರಹಗಾರನದು.

"ಲೇ, ಜಿಂದಗಿದಾಗ ಒಮ್ಮೆರೆ ಇಲ್ಲಿಗಿ ಹೋಗಬೇಕಲೇ" ಅಂದ ಗೋಲ್ಡನ್ ಸ್ಟಾರ್.

"ಹೋಗಮು. ಮೊದಲ ನಿನ್ನೆ ಚಾದ ರೊಕ್ಕ ಕೊಡು" ಅಂದ ಆಟೋರಾಜ.

ಬೆಚ್ಚಬೇಡಿ! ನಮ್ಮ ಗುಂಪಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರಿಗೆ ಬೆಲೆಯಿಲ್ಲ. ಯಾರು ಯಾರ ಅಭಿಮಾನಿಯೋ ಅವನಿಗೆ ಅದೇ ಹೆಸರು. ನಿಲ್ದಾಣದ ಮುಂದೆ ಆಟೋ ಓಡಿಸುವವನು ಶಂಕರ್‌ನಾಗ್ ಭಕ್ತ, ಆದ್ದರಿಂದ ಆಟೋರಾಜ. ಕಿರಾಣಿ ಅಂಗಡಿಯವನು ಅಣ್ಣಾವ್ರು. ಬೀಡಿ ಇಲ್ಲ, ಬಾಟಲಿ ಇಲ್ಲ, ಕೆಟ್ಟ ಮಾತಿಲ್ಲ. ಎಂಟೆಕರೆ ತೊಗರಿ ಹೊಲದ ಒಡೆಯ ಸಾಹಸಸಿಂಹ. ಐ.ಟಿ.ಐ. ಮುಗಿಸಿ ಪುಣೆಯ ಕಾರ್ಖಾನೆಯಲ್ಲಿ ಕೆಲಸ ಹಿಡಿದವನು ಗೋಲ್ಡನ್ ಸ್ಟಾರ್. 'ಮುಂಗಾರು ಮಳೆ' (2006) ಎಷ್ಟು ಸಲ ನೋಡಿದ್ದಾನೋ ಅವನಿಗೇ ಲೆಕ್ಕವಿಲ್ಲ. ಜೂನ್ ಹತ್ತಕ್ಕೆ ಅವನು ಡ್ಯೂಟಿಗೆ ಹಾಜರಾಗಬೇಕು. ಅಂದರೆ ಆ ಚಾ ಅಂಗಡಿಯ ಬೆಂಚಿನ ಮೇಲೆ ಐದು ಜನ ಕೂರುವುದು ಇನ್ನು ಕೆಲವೇ ದಿನ. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅದಕ್ಕೇ ಇರಬೇಕು, ಗೋಲ್ಡನ್ ಸ್ಟಾರ್ ಅಂದ ಹುಚ್ಚು ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಂಡೆವು.

ಬಾಡಿಗೆ ಮನೆ, ಸ್ವಂತ ಒಲೆ

ಸ್ಕಾಟ್ಲೆಂಡಿಗೆ ಹೋದವರೆಲ್ಲ ಹೋಟೆಲಿನಲ್ಲಿ ಇಳಿಯುತ್ತಾರೆಂದು ತಿಳಿಯಬೇಡಿ. ಅಲ್ಲಿ 'ಸೆಲ್ಫ್ ಕೇಟರಿಂಗ್' ಎಂಬ ಏರ್ಪಾಡು ಬಹಳ ಹಳೆಯದು. ಹಳ್ಳಿಗಾಡಿನಲ್ಲಿ ಹಳೆಯ ಕುದುರೆಲಾಯ, ಕಲ್ಲಿನ ಕೊಟ್ಟಿಗೆ, ಕುರುಬರ ಮನೆ ಇಂಥವನ್ನು ದುರಸ್ತಿ ಮಾಡಿ, ಹಾಸಿಗೆ, ಒಲೆ, ಪಾತ್ರೆ, ತಟ್ಟೆ ಎಲ್ಲ ಇಟ್ಟು ಬಾಡಿಗೆಗೆ ಕೊಡುತ್ತಾರೆ. ಬೀಗದ ಕೈ ನಿಮ್ಮ ಕೈಗೆ. ಅಡುಗೆ ನಿಮ್ಮದು, ಪಾತ್ರೆ ತೊಳೆಯುವುದೂ ನಿಮ್ಮದು! ಹೆಚ್ಚಿನ ಕಡೆ ಶನಿವಾರದಿಂದ ಶನಿವಾರಕ್ಕೆ ವಾರದ ಲೆಕ್ಕ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಉಂಡು, ಕೈ ತೊಳೆದು, ಗುಡ್ಡ ಹತ್ತಿ ಬರಬಹುದು. ಯಾರ ಗುಡ್ಡ ಎಂದು ಕೇಳುವಂತಿಲ್ಲ. 2003ರ ಭೂ ಕಾಯ್ದೆ, ಜವಾಬ್ದಾರಿಯಿಂದ ನಡೆದುಕೊಳ್ಳುವ ಯಾರಿಗಾದರೂ ಅಲ್ಲಿ ತಿರುಗಾಡುವ ಹಕ್ಕು ಕೊಟ್ಟಿದೆ. ದುಡ್ಡಿಲ್ಲದವರಿಗೆ 'ಬಾಥಿ' ಎಂಬ ಗುಡ್ಡದ ಗುಡಿಸಲುಗಳಿವೆ. ಬಾಡಿಗೆ ಇಲ್ಲ, ಬೀಗವೂ ಇಲ್ಲ. 1965ರಲ್ಲಿ ಹುಟ್ಟಿದ ಒಂದು ಸಂಘ ಅವನ್ನು ನೋಡಿಕೊಳ್ಳುತ್ತದೆ. ಬಾಡಿಗೆ ಮನೆಗಳಿಗೆ ಮಾತ್ರ ಈಗ ಕೌನ್ಸಿಲ್ ಲೈಸೆನ್ಸ್ ಕಡ್ಡಾಯ. ಹಳೆಯ ಮಾಲೀಕರೆಲ್ಲ 2023ರ ಅಕ್ಟೋಬರ್ 1ರೊಳಗೆ ಅರ್ಜಿ ಹಾಕಬೇಕಾಯಿತು.

ಇದನ್ನೆಲ್ಲ ನಾನು ಓದಿ ಹೇಳಿದಾಗ ಅಣ್ಣಾವ್ರು ಒಂದೇ ಮಾತಿನಲ್ಲಿ ತಳ್ಳಿಹಾಕಿದ: "ಇದರಾಗ ಹೊಸಾದು ಏನದ? ಗಾಣಗಾಪುರದಾಗ ನೋಡಿಲ್ಲೇನು?"

ಖರೇ ಮಾತು! ನಮ್ಮ ಅಫಜಲಪುರ ತಾಲ್ಲೂಕಿನ ಗಾಣಗಾಪುರದ ದತ್ತನ ಸನ್ನಿಧಿಗೆ ಮಹಾರಾಷ್ಟ್ರದಿಂದ ಬರುವ ಸಂಸಾರಗಳು ರೂಮು ಹಿಡಿದು, ಸ್ಟೋವ್ ಹಚ್ಚಿ, ತಾವೇ ಅನ್ನ ಬೇಯಿಸಿಕೊಂಡು ದಿನಗಟ್ಟಲೆ ಉಳಿಯುವುದಿಲ್ಲವೇ? ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು, ಬಂದು, ಉಂಡು, ಮಲಗುತ್ತಾರೆ. ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೆ ಬಂದವರೂ ಮೂರು ಕಲ್ಲು ಹೂಡಿ ಹಂಡೆ ಏರಿಸುತ್ತಾರೆ. ನಾವು ಅದಕ್ಕೆ ಇಂಗ್ಲಿಷ್ ಹೆಸರು ಇಟ್ಟಿರಲಿಲ್ಲ, ಅಷ್ಟೆ.

ಆದರೆ ಪಾಸ್‌ಪೋರ್ಟ್ ಯಾರಪ್ಪ ಕೊಡಿಸಬೇಕು? ಐದು ಜನರ ಜೇಬು ಜಾಲಾಡಿದರೂ ವಿಮಾನದ ರೆಕ್ಕೆಯ ಬಾಡಿಗೆಯೂ ಹುಟ್ಟುವಂತಿರಲಿಲ್ಲ. ಆಗ ಗೋಲ್ಡನ್ ಸ್ಟಾರ್ ಎದೆ ತಟ್ಟಿ ಹೇಳಿದ: "ಭಾರತದ ಸ್ಕಾಟ್ಲೆಂಡ್ ಅದಲ್ಲ. ಮಡಿಕೇರಿ!"

ಮಂಜು ಮತ್ತು ಗುಡ್ಡ ನೋಡಿ ಊರು ನೆನಪಾದ ಬ್ರಿಟಿಷರು ಕೊಡಗಿಗೆ ಅಂಟಿಸಿಹೋದ ಹೆಸರು ಅದು. (ಕೊಡಗಿಗೆ ಕೊಡಗು ಎಂಬ ಹೆಸರೇ ಸಾಲದೇ ಎಂದು ನನ್ನ ತಕರಾರು. ಇರಲಿ.) ನಮ್ಮ ಬೆಳ್ಳಿತೆರೆಗೆ ಆ ನಾಡು ಹೊಸದಲ್ಲ. ಪುಟ್ಟಣ್ಣ ಕಣಗಾಲರು 'ಶರಪಂಜರ'ದ (1971) ಹಾಡಿಗೆ ಕಲ್ಪನಾ, ಗಂಗಾಧರ್ ಜೋಡಿಯನ್ನು ಕೊಡಗಿಗೆ ಕರೆದೊಯ್ದರು. ರಾಜೇಂದ್ರಸಿಂಗ್ ಬಾಬು 'ಮುತ್ತಿನ ಹಾರ'ದಲ್ಲಿ (1990) ವಿಷ್ಣುವರ್ಧನ್‌ಗೆ ಕೊಡಗಿನ ಸಿಪಾಯಿಯ ಉಡುಪು ತೊಡಿಸಿದರು. ಆಮೇಲೆ ಯೋಗರಾಜ್ ಭಟ್ಟರು ಗಣೇಶ್, ಪೂಜಾ ಗಾಂಧಿ ಮತ್ತು ದೇವದಾಸ ಎಂಬ ಮೊಲದೊಂದಿಗೆ ಮಡಿಕೇರಿ, ಸಕಲೇಶಪುರ, ಜೋಗ ಸುತ್ತಿ ಬಂದ ಮೇಲಂತೂ ಕೇಳಬೇಕೇ? ಮಲ್ಟಿಪ್ಲೆಕ್ಸಿನಲ್ಲಿ ವರ್ಷ ದಾಟಿ ಓಡಿದ ಚಿತ್ರ! ಇಡೀ ಕರ್ನಾಟಕದ ಹುಡುಗರಿಗೆ ಮಳೆಯಲ್ಲಿ ನೆನೆಯುವ ಹುಚ್ಚು ಹಿಡಿಯಿತು.

ಸಾಹಸಸಿಂಹ ಮಾತ್ರ ಒಂದು ಷರತ್ತು ಹಾಕಿದ. "ಮಿರಗದ ಮಳಿ ಬಿತ್ತಂದ್ರ ನಾ ನಿಲ್ಲಂಗಿಲ್ಲ. ಬಿತ್ತಗಿಗಿ ವಾಪಸ್ ಬರಬೇಕು." ಒಪ್ಪಿದೆವು. ಮುಂಗಾರು ಸಾಮಾನ್ಯವಾಗಿ ಜೂನ್ ಒಂದರ ಸುಮಾರಿಗೆ ಕೇರಳಕ್ಕೆ ಇಳಿಯುತ್ತದೆ, ಬೆನ್ನಿಗೇ ಕೊಡಗು ಹತ್ತುತ್ತದೆ. ನಮ್ಮ ಕಡೆ ತಲುಪಲು ಇನ್ನೊಂದು ವಾರ. ಅಂದರೆ ನಮ್ಮ ಹೊಲಕ್ಕೆ ಬರುವ ಮಳೆಯನ್ನು ನಾವೇ ಮುಂದೆ ಹೋಗಿ ಎದುರುಗೊಳ್ಳುವುದು!

'ಬ್ಯಾಚುಲರ್ಸಾ? ಸಾರಿ!'

ಇಲ್ಲಿಂದ ಕಥೆಗೆ ಖಳನಾಯಕನ ಪ್ರವೇಶ. ಖಳನಾಯಕ ಯಾರು ಗೊತ್ತೇ? ನಾವೇ!

ಮೊದಲ ಫೋನು. "ಎಷ್ಟು ಜನ?" "ಐದು." "ಫ್ಯಾಮಿಲಿಯಾ?" "ಅಲ್ಲರಿ, ಗೆಳೆಯರು." ಆಚೆಯಿಂದ ಒಂದು ನಿಟ್ಟುಸಿರು. "ಸಾರಿ, ಬ್ಯಾಚುಲರ್ಸ್‌ಗೆ ಕೊಡುವುದಿಲ್ಲ." ಟಪ್! ಎರಡನೆಯ ಫೋನು, ಅದೇ ಡೈಲಾಗ್. ಮೂರನೆಯವರು ನಮ್ಮ ಮಾತಿನ ಧಾಟಿ ಕೇಳಿಯೇ "ಎಲ್ಲಿಯವರು?" ಎಂದು ವಿಚಾರಿಸಿ, ರೂಮು ಖಾಲಿ ಇಲ್ಲವೆಂದರು. ಐದು ನಿಮಿಷ ಬಿಟ್ಟು ಅಣ್ಣಾವ್ರು ಅದೇ ನಂಬರಿಗೆ ಶುದ್ಧ ಬೆಂಗಳೂರು ಕನ್ನಡದಲ್ಲಿ "ನಾನು ಮತ್ತು ನನ್ನ ಶ್ರೀಮತಿ" ಎಂದು ಕೇಳಿದರೆ ರೂಮು ಖಾಲಿ ಇತ್ತು! ಅವನಿಗಿನ್ನೂ ಮದುವೆಯೇ ಆಗಿಲ್ಲ, ಪಾಪ.

ಸಿಟ್ಟು ಬಂತು. ಆದರೆ ಮಿತ್ರರೇ, ಆ ಮನೆಯವರ ಜಾಗದಲ್ಲಿ ನಿಂತು ನೋಡಿ. ಐದಾರು ಹುಡುಗರು ಗಾಡಿ ತುಂಬ ಬಾಟಲಿ ತುಂಬಿಕೊಂಡು ಬರುವುದು, ನಡುರಾತ್ರಿ ಸ್ಪೀಕರ್ ಹಚ್ಚಿ ಕುಣಿಯುವುದು, ಬಾಟಲಿಯನ್ನು ತೋಟದಲ್ಲಿ ಒಡೆಯುವುದು... ಬೆಳಿಗ್ಗೆ ಬರಿಗಾಲಲ್ಲಿ ತೋಟಕ್ಕೆ ಬರುವ ಕೂಲಿ ಹೆಂಗಸಿನ ಅಂಗಾಲಿಗೆ ಆ ಗಾಜು ಸೇರುತ್ತದೆ. ಯಾರೋ ಮಾಡಿದ ಈ ಘನಕಾರ್ಯದ ಬಿಲ್ಲು ಈಗ ನಮ್ಮ ಕೈಗೆ ಬರುತ್ತಿದೆ.

ಆರನೆಯ ಫೋನಿಗೆ ಒಬ್ಬ ಹಿರಿಯರು ಸಿಕ್ಕಿದರು. ಮಿಲಿಟರಿಯಿಂದ ನಿವೃತ್ತರು, ಮಾದಾಪುರದ ಕಡೆ ಕಾಫಿ ತೋಟ. ತೋಟದ ಅಂಚಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆಯ ಬಿಡಿ ಮನೆ. ಇಡೀ ಮನೆಗೆ ದಿನಕ್ಕೆ ಮೂರು ಸಾವಿರ. ಅಡುಗೆ ಮಾಡಿಕೊಡುವ ಶಕ್ತಿ ಅವರ ಹೆಂಡತಿಗೆ ಈಗಿಲ್ಲ, ನಾವೇ ಬೇಯಿಸಿಕೊಳ್ಳಬೇಕು. "ಎರಡೇ ಕಂಡೀಷನ್. ಮನೆಯೊಳಗೆ ಕುಡಿಯುವ ಹಾಗಿಲ್ಲ. ಹತ್ತು ಗಂಟೆ ಮೇಲೆ ಸದ್ದು ಇಲ್ಲ. ತಪ್ಪಿದರೆ ಆ ಹೊತ್ತಿಗೇ ಗೇಟಿನ ಹೊರಗೆ. ಒಪ್ಪಿಗೆಯಾ?" ಆರ್ಡರ್ ಅಂದರೆ ಆರ್ಡರ್!

ರೊಟ್ಟಿ ಗಂಟಿನ ಪಯಣ

ಕಲಬುರಗಿಯಿಂದ ಸೋಲಾಪುರ–ಹಾಸನ ಎಕ್ಸ್‌ಪ್ರೆಸ್ ನಮಗೆ ವರ. ರಾತ್ರಿ ಹತ್ತಿದರೆ ಮರುದಿನ ಮಧ್ಯಾಹ್ನದ ಹೊತ್ತಿಗೆ ಹಾಸನ. ಕೊಡಗು ಜಿಲ್ಲೆಯೊಳಗೆ ರೈಲು ಹಳಿಯೇ ಇಲ್ಲ, ಹಾಸನದಿಂದ ಮುಂದಕ್ಕೆ ಬಸ್ಸೇ ಗತಿ. ಸೋಮವಾರಪೇಟೆಯ ಮೇಲೆ ಮಾದಾಪುರಕ್ಕೆ ಹೋಗಬೇಕು. ಬಸ್ಸಿನಲ್ಲಿ ಹೆಂಗಸರೆಲ್ಲ 2023ರಲ್ಲಿ ಬಂದ ಶಕ್ತಿ ಯೋಜನೆಯ ಪುಣ್ಯದಿಂದ ಪುಕ್ಕಟೆ. ಟಿಕೆಟ್ ದುಡ್ಡು ಕೊಟ್ಟವರು ನಾವು ಐವರು ಮತ್ತು ಒಬ್ಬ ಮುದುಕ.

ಸಾಮಾನಿನ ಪಟ್ಟಿ ಅಣ್ಣಾವ್ರದು. ಖಡಕ್ ಜೋಳದ ರೊಟ್ಟಿ ಎಪ್ಪತ್ತು. ಶೇಂಗಾ ಹಿಂಡಿ ಒಂದು ಡಬ್ಬಿ. 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಕಟ್ಟಿಸಿಕೊಂಡ ನಮ್ಮ ಕಲಬುರಗಿ ತೊಗರಿಬೇಳೆ ಎರಡು ಕಿಲೋ. ಹೊಸದಾಗಿ ಬೀಸಿಸಿದ ಜೋಳದ ಹಿಟ್ಟು. ಹಿಟ್ಟು ಹಳತಾದರೆ ಜಿಗಿ ಹೋಗಿ ರೊಟ್ಟಿ ಹರಿಯುತ್ತದೆ, ಹೊರಡುವ ದಿನವೇ ಗಿರಣಿಗೆ ಹಾಕಿಸಬೇಕು. ಆಟೋರಾಜ ಒಂದು ಸಣ್ಣ ಗ್ಯಾಸ್ ಸಿಲಿಂಡರ್ ಹೊತ್ತು ತಂದಿದ್ದ. ರೈಲಿನಲ್ಲಿ ಸಿಲಿಂಡರು, ಸೀಮೆಎಣ್ಣೆ ಒಯ್ಯುವಂತಿಲ್ಲವೆಂದು ಬೈದು ವಾಪಸ್ ಕಳಿಸಿದೆವು. ನೀವೂ ಈ ತಪ್ಪು ಮಾಡಬೇಡಿ. ಫೋನಿನಲ್ಲೇ ಕೇಳಿಬಿಡಿ: ಗ್ಯಾಸ್ ಇದೆಯೇ, ಕುಕ್ಕರ್ ಇದೆಯೇ, ಅಂಗಡಿ ಎಷ್ಟು ದೂರ, ಕರೆಂಟು ಹೋದರೆ ಏನು ಗತಿ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ. ಕೇಳಿದರೆ ಮಾಲೀಕರು ಸಿಟ್ಟಾಗುವುದಿಲ್ಲ. ನಮ್ಮ ಯಜಮಾನರಂತೂ ಗ್ಯಾಸಿನ ಬಗ್ಗೆ ಕೇಳಿದ್ದಕ್ಕೇ ನಮ್ಮನ್ನು ಸ್ವಲ್ಪ ನಂಬಿದರಂತೆ. ಕುಡಿಯಲು ಬರುವವರು ಒಲೆಯ ವಿಚಾರ ಎತ್ತುವುದಿಲ್ಲ!

ಗೋಡೆಯ ಮೇಲೆ ಕೋವಿ!

'ಮುಂಗಾರು ಮಳೆ'ಯಲ್ಲಿ ಅನಂತನಾಗ್ ಮಾಡಿದ ಕರ್ನಲ್ ಸುಬ್ಬಯ್ಯನ ಪಾತ್ರ ನೆನಪಿದೆಯೇ? ಯಜಮಾನರ ಮನೆಯ ಜಗಲಿ ಹತ್ತಿದಾಗ ನಮಗೆ ಅದೇ ಸೀನು. ಬಿಳಿ ಮೀಸೆ, ನೆಟ್ಟಗೆ ನಿಂತ ಬೆನ್ನು, ಗೋಡೆಯ ಮೇಲೆ ಕೋವಿ! ಗೋಲ್ಡನ್ ಸ್ಟಾರ್ ಎರಡು ಹೆಜ್ಜೆ ಹಿಂದೆ ಸರಿದ. ಕೊಡವರಿಗೂ ಅಲ್ಲಿನ ಜಮ್ಮಾ ಹಿಡುವಳಿದಾರರಿಗೂ ಕೋವಿ ಇಡಲು ಲೈಸೆನ್ಸ್ ಬೇಕಿಲ್ಲವೆಂಬ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ಮುಂದುವರಿದಿದೆ. ಅದನ್ನು ಯಜಮಾನರೇ ನಗುತ್ತಾ ವಿವರಿಸಿದರು. ನಮಗೆ ನಗು ಬರಲಿಲ್ಲ.

1971ರ ಯುದ್ಧ ಕಂಡವರು ಅವರು. ಸಿನಿಮಾದ ಮಾತೆತ್ತಿದ್ದೇ ತಡ, ಮುಖ ಅರಳಿತು. 'ಶರಪಂಜರ' ಬಂದ ವರ್ಷ ಅವರು ಗಡಿಯಲ್ಲಿದ್ದರಂತೆ. ರಜೆಗೆ ಊರಿಗೆ ಬಂದಾಗ ಮಡಿಕೇರಿಯಲ್ಲಿ ನೋಡಿದರು. ಕಿತ್ತಳೆ ತೋಟ ತೆರೆಯ ಮೇಲೆ ಬಂದಾಗ ಟಾಕೀಸಿನಲ್ಲಿ ಇದ್ದವರೆಲ್ಲ ಯಾರ ತೋಟ, ಯಾರ ತೋಟ ಎಂದು ಜಗಳವಾಡಿದರಂತೆ. "ಈಗ ಅಂಥ ಕಿತ್ತಳೆ ಎಲ್ಲಿದೆ? ರೋಗ ಬಂದು ಹೋಯಿತು. ಹೆಸರಿಗೆ ಪಟ್ಟ ಸಿಕ್ಕಿದೆ, ಮರ ಇಲ್ಲ" ಅಂದರು. ಕೂರ್ಗ್ ಕಿತ್ತಳೆಗೂ ನಮ್ಮ ತೊಗರಿಯಂತೆ ಭೌಗೋಳಿಕ ಗುರುತು ಉಂಟು, ನಮಗಿಂತ ಎಷ್ಟೋ ಮೊದಲೇ.

ಖಡಕ್ ರೊಟ್ಟಿ ಸೋತಿತು

ಮೊದಲ ರಾತ್ರಿಯ ಊಟಕ್ಕೆ ಗಂಟು ಬಿಚ್ಚಿದೆವು. ಮುಟ್ಟಿದರೆ ಪಟಾರನೆ ಮುರಿಯಬೇಕಾದ ಖಡಕ್ ರೊಟ್ಟಿ ಕೈಯಲ್ಲಿ ಜೋತುಬಿತ್ತು, ಕರವಸ್ತ್ರದ ಹಾಗೆ! ಆಳಂದದಲ್ಲಿ ತಿಂಗಳಾದರೂ ಜಗ್ಗದ ರೊಟ್ಟಿ ಕೊಡಗಿನ ತೇವಕ್ಕೆ ಒಂದೇ ಸಂಜೆಯಲ್ಲಿ ಶರಣಾಗಿತ್ತು. ಸಾಹಸಸಿಂಹ ಅದನ್ನು ಎತ್ತಿ ಹಿಡಿದು "ಇದಕ್ಕ ಮದಿ ಹಿಂಗ ಆಗಿಲ್ಲ ನೋಡು" ಎಂದು ದುಃಖಪಟ್ಟ. ಹಂಚಿನ ಮೇಲೆ ಒಂದೊಂದನ್ನೇ ಕಾಯಿಸಿ ಮತ್ತೆ ಗರಿ ಮಾಡಿ ತಿಂದೆವು.

ಎರಡನೆಯ ದಿನ ಹಿಟ್ಟು ಕಲಸುವ ಸಾಹಸ. ಐವರಲ್ಲಿ ಯಾರೂ ಜನ್ಮದಲ್ಲಿ ರೊಟ್ಟಿ ಬಡಿದವರಲ್ಲ. ಮನೆಯಲ್ಲಿ ಅವ್ವ, ಅಕ್ಕ, ತಂಗಿ ಬಡಿಯುತ್ತಾರೆ, ನಾವು ಎಣಿಸದೆ ತಿನ್ನುತ್ತೇವೆ. ಫೋನಿನಲ್ಲಿ ಆಟೋರಾಜನ ಅವ್ವ ಆಚೆಯಿಂದ ಡೈರೆಕ್ಷನ್: "ನೀರು ಕುದಿಬೇಕು... ನಾದು, ಇನ್ನ ನಾದು... ಹಿಟ್ಟು ಉದುರಿಸು, ಬಡಿ!" ಮೊದಲ ರೊಟ್ಟಿ ಶ್ರೀಲಂಕಾ. ಎರಡನೆಯದು ಆಫ್ರಿಕಾ. ಮೂರನೆಯದು ಎತ್ತುವಾಗ ಎರಡು ದೇಶವಾಯಿತು. ಹತ್ತು ರೊಟ್ಟಿಗೆ ಮುಂಗೈ ನೋವು ಬಂತು. ಅವ್ವ ದಿನಾ ಎಷ್ಟು ಬಡಿಯುತ್ತಾಳೆಂದು ಆಟೋರಾಜ ಲೆಕ್ಕ ಹಾಕಲು ಶುರುಮಾಡಿ ನಡುವೆಯೇ ನಿಲ್ಲಿಸಿದ.

ಊರು ನೋಡಿದ್ದು ಒಂದೇ ದಿನ. ಮಡಿಕೇರಿಯ ರಾಜಾಸೀಟ್‌ನಲ್ಲಿ ಮಂಜು ಬಿಟ್ಟು ಬೇರೇನೂ ಕಾಣಲಿಲ್ಲ. ಜನರಲ್ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ, ಸಾಹಸಸಿಂಹ ಅಲ್ಲಿ 'ಮುತ್ತಿನ ಹಾರ'ದ ಗುಂಗಿನಲ್ಲಿ ಸೆಲ್ಯೂಟ್ ಹೊಡೆದ. ಅಬ್ಬಿ ಜಲಪಾತದಲ್ಲಿ ಜನವೋ ಜನ. ಸಂಜೆಯ ಬಸ್ಸಿಗೆ ಓಡಿಬಂದೆವು. ನಿಜ ಹೇಳಬೇಕೆಂದರೆ ಆ ಮನೆಯ ಅಡುಗೆಕೋಣೆಯೇ ನಮಗೆ ಹೆಚ್ಚು ಹಿಡಿಸಿತ್ತು. ಕಿಟಕಿ ತೆರೆದರೆ ಕಾಫಿ ಗಿಡ, ಮೇಲೆ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಒಬ್ಬ ಈರುಳ್ಳಿ ಹೆಚ್ಚುವುದು, ಒಬ್ಬ ಬೇಳೆ ನೋಡುವುದು, ಉಳಿದ ಮೂವರು ಸಲಹೆ ಕೊಡುವುದು. ಹೋಟೆಲಿನಲ್ಲಾಗಿದ್ದರೆ ಉಂಡು ಬಿಲ್ಲು ಕೊಟ್ಟು ಏಳಬೇಕು, ಮುಂದೆ ಗಿರಾಕಿ ಕಾಯುತ್ತಿರುತ್ತಾನೆ. ಇಲ್ಲಿ ಉಂಡ ತಟ್ಟೆ ಒಣಗಿದರೂ ಏಳು ಅನ್ನುವವರಿಲ್ಲ. ಗೋಲ್ಡನ್ ಸ್ಟಾರ್ ಪುಣೆಯ ಬಗ್ಗೆ ತನಗಿದ್ದ ಭಯವನ್ನು ಮೊದಲ ಬಾರಿ ಹೇಳಿದ್ದು ಅಲ್ಲಿಯೇ, ಪಾತ್ರೆ ತಿಕ್ಕುತ್ತಾ. ಬೆನ್ನು ನಮ್ಮ ಕಡೆಗಿತ್ತು, ಆದ್ದರಿಂದ ಹೇಳಲು ಸುಲಭವಾಗಿರಬೇಕು.

ಜಿಗಣೆಯ ವಿಷಯ ಮರೆತೆ. ಸ್ಕಾಟ್ಲೆಂಡಿನಲ್ಲಿ ಬೇಸಿಗೆಯ ಗುಡ್ಡದ ತುಂಬ 'ಮಿಜ್' ಎಂಬ ನುಸಿ, ಮುಖಕ್ಕೆ ಮುತ್ತಿದರೆ ಓಡಿಹೋಗಬೇಕಂತೆ. ಇಲ್ಲಿ ಮಳೆ ಬಿದ್ದ ಮರುಕ್ಷಣ ಜಿಗಣೆ. ಸಾಹಸಸಿಂಹನ ಜೇಬಿನ ಸುಣ್ಣ–ತಂಬಾಕಿಗೆ ಆವತ್ತು ಮೊದಲ ಬಾರಿ ಗೌರವ ಸಿಕ್ಕಿತು. ತಂಬಾಕು ನೆನೆಸಿದ ನೀರನ್ನು ಕಾಲುಚೀಲಕ್ಕೆ ಹಚ್ಚಿದರೆ ಜಿಗಣೆ ಹತ್ತಿರ ಸುಳಿಯುವುದಿಲ್ಲ. ಜೀವನದಲ್ಲಿ ತಂಬಾಕಿನಿಂದ ಆಗುವ ಒಂದೇ ಉಪಕಾರ ಇದೆಂದು ಅಣ್ಣಾವ್ರು ಷರಾ ಬರೆದ.

ಆ ರಾತ್ರಿ...

ಮೂರನೆಯ ದಿನ ಮಧ್ಯಾಹ್ನ ಮಳೆ ಬಂತು. ಬಂತು ಅಂದರೆ ನಮ್ಮ ಕಡೆ ಬಂದ ಹಾಗಲ್ಲ. ನಮ್ಮಲ್ಲಿ ಮಳೆ ಗುಡುಗಿ, ಗದರಿಸಿ, ಅರ್ಧ ಗಂಟೆ ಸುರಿದು ಹೋಗಿಬಿಡುತ್ತದೆ. ಇಲ್ಲಿ ಅದು ಗುಡ್ಡದಾಚೆಯಿಂದ ಬಿಳಿ ಪರದೆಯ ಹಾಗೆ ನಡೆದುಬಂದು, ತೋಟದ ಒಳಗೆ ಕೂತು, ಏಳುವ ಸುದ್ದಿಯನ್ನೇ ಎತ್ತಲಿಲ್ಲ. ಮೊದಲು ನಾಲ್ವರೂ ಅಂಗಳಕ್ಕೆ ಜಿಗಿದು ಗಣೇಶ್ ಸ್ಟೈಲಿನಲ್ಲಿ ನೆನೆದದ್ದೇ ನೆನೆದದ್ದು. ಸಾಹಸಸಿಂಹ ಮಾತ್ರ ಜಗಲಿಯಲ್ಲಿ ನಿಂತು ಅಂಗೈ ಚಾಚಿ ಹನಿ ಹಿಡಿದು ನೋಡುತ್ತಿದ್ದ. ಹೋದ ವರ್ಷ ಬಿತ್ತಿದ್ದು ಒಣಗಿ ಅವನು ಎರಡನೆಯ ಸಲ ಬಿತ್ತಿದ್ದು ನಮಗೆಲ್ಲ ಗೊತ್ತು.

ಸಂಜೆಗೆ ಕರೆಂಟು ಹೋಯಿತು. ಮೊಬೈಲು ಸತ್ತಿತು. ಮೇಣದಬತ್ತಿ ಹಚ್ಚಿ ಕೂತಾಗ ಸಾಹಸಸಿಂಹ ಬ್ಯಾಗಿನ ತಳದಿಂದ ಒಂದು ಬಾಟಲಿ ತೆಗೆದು ನಡುವೆ ಇಟ್ಟ! ಹಾಸನದಲ್ಲಿ ಕೊಂಡದ್ದಂತೆ. "ಚಳಿ ಅದ. ಯಾರಿಗಿ ಗೊತ್ತಾಗ್ತದ?"

ಅಣ್ಣಾವ್ರು ಎದ್ದು ನಿಂತ. "ಕಂಡೀಷನ್ ಏನಿತ್ತು?" ಆಟೋರಾಜ, "ಒಂದೊಂದೇ ಗ್ಲಾಸು, ಸುಮ್ಮನ ಕೂಡು" ಅಂದ. ಮಾತಿಗೆ ಮಾತು ಬೆಳೆಯಿತು. ಯಾವತ್ತೂ ಜಗಳವಾಡದ ಗುಂಪು ನಮ್ಮದು, ಕಡೆಯ ಪ್ರವಾಸದಲ್ಲಿ ಮುರಿದುಬೀಳುವ ಹಂತಕ್ಕೆ ಬಂತು. ಕೊನೆಗೆ ಗೋಲ್ಡನ್ ಸ್ಟಾರ್, ಹಬ್ಬ ಯಾರ ಹೆಸರಿನಲ್ಲಿತ್ತೋ ಅವನೇ, ಮೆಲ್ಲಗೆ ಹೇಳಿದ: "ಐದು ಮಂದಿ ಇಲ್ಲ ಅಂದ್ರು. ಇವರು ಒಬ್ಬರು ಹೂಂ ಅಂದ್ರು. ನಾಳೆ ನಮ್ಮೂರವರು ಮತ್ಯಾರರೆ ಫೋನ್ ಮಾಡಿದ್ರ ಇವರು ಏನನ್ನಬೇಕು?"

ಸಾಹಸಸಿಂಹ ಬಾಟಲಿ ಎತ್ತಿಕೊಂಡ. ಮಳೆಯಲ್ಲೇ, ತಲೆಗೆ ಟವಲು ಹೊದ್ದು, ದೊಡ್ಡ ಮನೆಯ ಕಡೆ ನಡೆದ. ನಾವು ಹಿಂದೆ ಓಡಿದೆವು. ಯಜಮಾನರು ಲಾಟೀನು ಹಿಡಿದು ಬಾಗಿಲು ತೆರೆದರು. "ಇದು ನಿಮ್ಮ ಹತ್ರ ಇರ್ಲರಿ. ನಮ್ಮ ಹತ್ರ ಇದ್ರ ತೆರೀತೀವಿ" ಅಂದ ನಮ್ಮ ಸಿಂಹ.

ಯಜಮಾನರು ಲೇಬಲ್ಲನ್ನು ಲಾಟೀನಿನ ಬೆಳಕಿಗೆ ಹಿಡಿದು ಓದಿದರು. ಮುಖ ಹಿಂಡಿದರು. "ಇಂಥ ಸರಕಿಗೆ ದುಡ್ಡು ಕೊಟ್ಟಿರಾ? ನನಗೆ ಮಿಲಿಟರಿ ಕ್ಯಾಂಟೀನ್ ಇದೆ!" ಎಂದು ಬಾಟಲಿಯನ್ನು ಕಪಾಟಿನ ನೆತ್ತಿಯ ಮೇಲೆ ಇಟ್ಟರು. ಹೆಚ್ಚೇನೂ ಹೇಳಲಿಲ್ಲ.

ಮರುದಿನವೂ ಕರೆಂಟಿಲ್ಲ. ದೊಡ್ಡ ಮನೆಯಲ್ಲಿ ಗ್ಯಾಸ್ ಮುಗಿದಿತ್ತು, ದಾರಿಗೆ ಮರ ಬಿದ್ದು ಗಾಡಿ ಬರುವಂತಿರಲಿಲ್ಲ. ಅವರಿಬ್ಬರಿಗೂ ನಾವೇ ಅಡುಗೆ ಮಾಡಿದೆವು. ತೊಗರಿಬೇಳೆ, ಶೇಂಗಾ ಹಿಂಡಿ, ನಕ್ಷೆಯಂಥ ರೊಟ್ಟಿ. ಯಜಮಾನರ ಹೆಂಡತಿ ರೊಟ್ಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, "ಗಂಡು ಮಕ್ಕಳು ಮಾಡಿದ್ದಲ್ವಾ, ಪರವಾಗಿಲ್ಲ" ಎಂದು ಎರಡು ತಿಂದರು. ರಾತ್ರಿಗೆ ಅವರು ಕಟ್ಟಿಗೆ ಒಲೆಯ ಮೇಲೆ ಕಡಂಬುಟ್ಟು ಮಾಡಿಕೊಟ್ಟರು. ಅಕ್ಕಿತರಿಯ ಉಂಡೆ, ಹಬೆಯಲ್ಲಿ ಬೆಂದದ್ದು. ಅದರ ಜೊತೆಗೆ ನಮ್ಮ ಬೇಳೆಸಾರು ಎಷ್ಟು ಚೆನ್ನಾಗಿ ಹೊಂದುತ್ತದೆಂದು ಯಾರಾದರೂ ಸಿನಿಮಾ ಮಾಡಬೇಕು!

ಉಣ್ಣುವಾಗ 2018ರ ಆಗಸ್ಟ್ ಮಾತು ಬಂತು. ಆ ಮಳೆಗೆ ಗುಡ್ಡಗಳೇ ಜಾರಿ ಮಕ್ಕಂದೂರು, ಜೋಡುಪಾಲದ ಕಡೆ ಮನೆ, ತೋಟ, ರಸ್ತೆ ಕೊಚ್ಚಿಹೋದದ್ದು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ. ಇವರ ತೋಟದ ಕೆಳಗಿ​ನ ಪಾಲು ಹೋಯಿತು. ಈಗಲೂ ಮಳೆ ಜೋರಾದರೆ ಅವರ ಹೆಂಡತಿ ಮಲಗುವುದಿಲ್ಲವಂತೆ. "ನಿನ್ನೆ ರಾತ್ರಿ ನೀವು ಐದು ಜನ ಪಕ್ಕದಲ್ಲಿ ಇದ್ದೀರಿ ಅಂತ ಸ್ವಲ್ಪ ನಿದ್ದೆ ಮಾಡಿದೆ" ಅಂದರು ಆಕೆ. ನಮಗೆ ಮಳೆ ಅಂದರೆ ಹಾಡು. ಸಾಹಸಸಿಂಹನಿಗೆ ಬೀಜ. ಆಕೆಗೆ ಮಳೆ ಅಂದರೆ ಕಿವಿಗೊಟ್ಟು ಕೂರುವುದು. ಅನ್ನ ಕಲಸುವ ಕೈ ಒಂದು ಕ್ಷಣ ಎಲ್ಲರದೂ ನಿಂತಿತು.

ಎಂಬತ್ತು ರೂಪಾಯಿ ರಸೀದಿ

ಐದನೆಯ ದಿನ ಕರೆಂಟು ಬಂತು, ಮೊಬೈಲು ಜೀವ ಹಿಡಿಯಿತು. ಮೊದಲ ಫೋನೇ ಸಾಹಸಸಿಂಹನ ಅಪ್ಪನದು: "ಮುಗಲು ಕಟ್ಟ್ಯಾದ. ಬಾ."

ಮನೆ ಗುಡಿಸಿದೆವು, ಒಲೆ ಒರೆಸಿದೆವು, ಹಾಸಿಗೆ ಮಡಚಿದೆವು. ಯಜಮಾನರು ಬಂದು ಎಣಿಸಿದರು. ಮಿಲಿಟರಿ ಅಲ್ಲವೇ? ತಟ್ಟೆ, ಚಮಚ, ಲೋಟ, ಎಲ್ಲ. ಆರು ಪಿಂಗಾಣಿ ಕಪ್ಪಿನಲ್ಲಿ ಐದೇ ಇದ್ದವು. ಆರನೆಯದು ಆಟೋರಾಜನ ಕೈಜಾರಿ ಎರಡನೆಯ ದಿನವೇ ಹೋಗಿತ್ತು, ನಾವೇ ಚೂರುಗಳನ್ನು ಕಾಗದದಲ್ಲಿ ಕಟ್ಟಿಟ್ಟಿದ್ದೆವು. ತೋರಿಸಿದೆವು. ಇಷ್ಟೆಲ್ಲ ಉಂಡು ಕೂತ ಮೇಲೆ ಬಿಟ್ಟುಬಿಡುತ್ತಾರೆಂದು ನೀವು ಊಹಿಸುತ್ತೀರಿ. ನಾವೂ ಊಹಿಸಿದ್ದೆವು. "ಎಂಬತ್ತು ರೂಪಾಯಿ" ಅಂದರು ಯಜಮಾನರು. ತೆಗೆದುಕೊಂಡರು. ರಸೀದಿಯನ್ನೂ ಬರೆದುಕೊಟ್ಟರು!

ಆಮೇಲೆ ಒಳಗೆ ಹೋಗಿ ಎರಡು ವಸ್ತು ತಂದರು. ಒಂದು, ಸೀಲು ಒಡೆಯದ ನಮ್ಮ ಬಾಟಲಿ. ಇನ್ನೊಂದು, ಮನೆಯಲ್ಲೇ ಹುರಿದು ಬೀಸಿದ ಒಂದು ಕಿಲೋ ಕಾಫಿಪುಡಿ. "ನಿಮ್ಮ ಕಡೆಯ ಹುಡುಗರು ಯಾರಾದರೂ ಕೇಳಿದರೆ ನಂಬರ್ ಕೊಡಿ. ಕಂಡೀಷನ್ ಅದೇ" ಅಂದರು. ಗೋಲ್ಡನ್ ಸ್ಟಾರ್ ನಮ್ಮ ಕಡೆ ತಿರುಗಿ ಹುಬ್ಬು ಹಾರಿಸಿದ ರೀತಿ ಇದೆಯಲ್ಲ, ಯಾವ ಕ್ಲೈಮ್ಯಾಕ್ಸಿಗೂ ಕಡಿಮೆಯಿಲ್ಲ!

ಖರ್ಚು ಕೇಳುತ್ತೀರೇನೋ. ಬಾಡಿಗೆ, ರೈಲು, ಬಸ್ಸು, ತರಕಾರಿ, ಹಾಲು, ಒಂದು ಕಪ್ಪು ಎಲ್ಲ ಸೇರಿ ತಲೆಗೆ ಐದು ಸಾವಿರದೊಳಗೆ ಮುಗಿಯಿತು. ಮುಂಚಿತವಾಗಿ ಎರಡು ತಿಂಗಳು ಚಾ ಕಡಿಮೆ ಮಾಡಿದರೆ ಆದೀತು.

ರೈಲು ವಾಡಿ ದಾಟುವ ಹೊತ್ತಿಗೆ ಕಿಟಕಿಯಿಂದ ತಂಪು ಗಾಳಿ ಒಳಗೆ ಬಂತು. ಎರೆಮಣ್ಣು ನೆನೆದ ವಾಸನೆ. ಸಾಹಸಸಿಂಹ ಕಂಬಿಗೆ ಮುಖ ಒತ್ತಿ ಕೂತಿದ್ದ. ಕಲಬುರಗಿಯಿಂದ ಆಳಂದದ ಬಸ್ಸು ಹಿಡಿದೆವು. ರಸ್ತೆಯ ಎರಡೂ ಬದಿ ಹೊಲದಲ್ಲಿ ನೀರು ನಿಂತಿತ್ತು. ಊರು ಇನ್ನೂ ದೂರವಿರುವಾಗಲೇ ಅವನು ಕಂಡಕ್ಟರಿಗೆ ಕೂಗಿ ಬಸ್ಸು ನಿಲ್ಲಿಸಿದ, ಬ್ಯಾಗನ್ನು ಆಟೋರಾಜನ ತೊಡೆಯ ಮೇಲೆ ಎಸೆದ, ಪ್ಯಾಂಟು ಮೊಣಕಾಲಿಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು ನೇರ ಹೊಲಕ್ಕೆ ಇಳಿದುಬಿಟ್ಟ. ಬಾಟಲಿ ಆ ಬ್ಯಾಗಿನಲ್ಲೇ ಉಳಿಯಿತು.

ಒಂಬತ್ತನೆಯ ತಾರೀಖು ಸಂಜೆ ಗೋಲ್ಡನ್ ಸ್ಟಾರ್ ಪುಣೆಯ ಬಸ್ಸು ಹತ್ತಿದ. ಅವನ ಕೈಯಲ್ಲಿ ಒಂದು ಟ್ರಂಕು, ಒಂದು ಪಿಶವಿ. ಪಿಶವಿಯಲ್ಲಿ ಒಂದು ಹಂಚು, ಐದು ಕಿಲೋ ಜೋಳದ ಹಿಟ್ಟು. ಹಿಟ್ಟನ್ನು ಅವನೇ ಆವತ್ತು ಬೆಳಿಗ್ಗೆ ಗಿರಣಿಗೆ ಹೊತ್ತೊಯ್ದು ಬೀಸಿಸಿಕೊಂಡು ಬಂದಿದ್ದ.